ಮಿಣುಕಿನ ಮೂತಿಯ ಹಲ್ಲು

ಹಲ್ಲಣ್ಣ ಕಳ್ಳನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವನು ತನಗೆ ತಾನೇ ಇದನ್ನು ಮೂರು ತಿಂಗಳ ಕಾಲ ದಿನಕ್ಕೆ ಹತ್ತು ಸಲ ಹೇಳಿಕೊಂಡಿದ್ದ. ಕಳ್ಳನಲ್ಲದವನಿಗೆ ಹಾಗೆ ಹೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಒಂದೇ ಕಿಟಕಿಯ ಕೋಣೆಯಲ್ಲಿ, ಮೇಣದ ವಾಸನೆಯ ನಡುವೆ ಕೂತು, ಮುರಿದ ಹಲ್ಲಿಗೆ ತುದಿ ಕೂರಿಸಿ, ಇಲ್ಲದ ಹಲ್ಲಿಗೆ ಇರುವ ರೂಪ ಕೊಟ್ಟು ವಾಪಸು ಕಳಿಸುತ್ತಿದ್ದ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದವನು ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದ. ಹಾಗಾಗಿ ಬಲ್ಲವರೆಲ್ಲರ ಬಾಯಲ್ಲಿ ಅವನು ಹಲ್ಲಣ್ಣನಾದ.

ಕಸುಬು ಹೊಟ್ಟೆಗಾಯಿತು. ಜೀವ ಇದ್ದದ್ದು ಬೇರೆ ಕಡೆ. ಗಗನನೌಕೆ, ಯಂತ್ರಮಾನವ, ಬೇರೆ ಗ್ರಹದ ಜೀವಿಗಳೆಲ್ಲ ಬರುವ ಹಳೆಯ ಕಪ್ಪು ಬಿಳುಪು ಸಿನಿಮಾಗಳಿವೆಯಲ್ಲ, ಅವುಗಳಲ್ಲಿ ಬಳಸಿದ ಸಾಮಾನುಗಳನ್ನು ಅವನು ಕೂಡಿಡುತ್ತಿದ್ದ. ಮಹಡಿಯ ಕೋಣೆಯ ಗಾಜಿನ ಕಪಾಟುಗಳಲ್ಲಿ ಮೂರೇ ಬೆರಳಿನ ರಬ್ಬರ್ ಕೈಗವಸು, ಕೂದಲು ಒಣಗಿಸುವ ಯಂತ್ರಕ್ಕೆ ಬೆಳ್ಳಿ ಬಣ್ಣ ಬಳಿದು ಮಾಡಿದ ಕಿರಣದ ಬಂದೂಕು, ಮೊಟ್ಟೆಯ ತಟ್ಟೆಗೆ ಗುಂಡಿಗಳನ್ನು ಅಂಟಿಸಿದ ನೌಕೆಯ ಚಾಲನಾ ಫಲಕ, ಎಲ್ಲವೂ ಇದ್ದವು. "ನಮ್ಮನೇಲಿ ಎಲ್ಲಾ ಗ್ರಹಗಳೂ ಇವೆ, ಬಟ್ಟೆ ಒಣಗಿಸೋಕೆ ಮಾತ್ರ ಜಾಗ ಇಲ್ಲ" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಹಲ್ಲು ಬಿಟ್ಟು ನಗುತ್ತಿದ್ದ.

ಈ ಹುಚ್ಚಿನವರದೇ ಒಂದು ಕೂಟವಿತ್ತು. ಹತ್ತು ಹನ್ನೆರಡು ಜನ, ತಿಂಗಳಿಗೊಮ್ಮೆ ಸೇರಿ ತಮ್ಮ ತಮ್ಮ ಸಾಮಾನು ತೋರಿಸಿ ಒಬ್ಬರ ಹೊಟ್ಟೆ ಒಬ್ಬರು ಉರಿಸುತ್ತಿದ್ದರು. ಅವರಲ್ಲೊಂದು ಕ್ರಮವಿತ್ತು. ಯಾರಾದರೂ ಒಂದು ವಸ್ತು ತಂದರೆ, ಆ ಸಿನಿಮಾದ ದೃಶ್ಯವನ್ನು ತೆರೆಯ ಮೇಲೆ ನಿಲ್ಲಿಸಿ, ಅಲ್ಲಿ ಕಾಣುವ ಗೀರು, ಕಲೆ, ಬಣ್ಣದ ಸೋರಿಕೆಗಳನ್ನು ಕೈಯಲ್ಲಿರುವ ವಸ್ತುವಿನ ಮೇಲೆ ಒಂದೊಂದಾಗಿ ಹುಡುಕಬೇಕು. ಇದಕ್ಕೆ ಅವರು 'ಕಲೆ ಹೊಂದಿಸೋದು' ಎನ್ನುತ್ತಿದ್ದರು. ಹೊಂದಿದರೆ ಅಸಲು, ಇಲ್ಲದಿದ್ದರೆ ನಕಲು. ಹಲ್ಲಣ್ಣನಷ್ಟು ಚೆನ್ನಾಗಿ ಕಲೆ ಹೊಂದಿಸುವವರು ಕೂಟದಲ್ಲಿ ಇನ್ನೊಬ್ಬರಿರಲಿಲ್ಲ. ಅವನು ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ.

ಅಂಟಮ್ಮನ ಪರಿಚಯವಾದದ್ದು ಈ ಹುಚ್ಚಿನಿಂದಲೇ. ಆಕೆ ಹಿಂದೆ ಸ್ಟುಡಿಯೋದಲ್ಲಿ ಪುಟ್ಟ ಮಾದರಿಗಳನ್ನು ಮಾಡುತ್ತಿದ್ದವಳು. ತೆರೆಯ ಮೇಲೆ ಬೆಟ್ಟದಷ್ಟು ದೊಡ್ಡದಾಗಿ ಕಾಣುವ ನೌಕೆಗಳೆಲ್ಲ ಆಕೆಯ ಮೇಜಿನ ಮೇಲೆ ಮೊಳದುದ್ದ ಇರುತ್ತಿದ್ದವು. ಬೆರಳುಗಳಿಗೆ ಸದಾ ಅಂಟು ಮೆತ್ತಿಕೊಂಡಿರುತ್ತಿದ್ದುದರಿಂದ ಸ್ಟುಡಿಯೋದವರು ಇಟ್ಟ ಹೆಸರು ಅದು. ಈಗ ಎಂಬತ್ತು ದಾಟಿದೆ. ಕಣ್ಣಿಗೆ ಬೆಳಕು ನೆರಳಷ್ಟೇ ಕಾಣುತ್ತದೆ. ಶಾಲೆಯಲ್ಲಿ ಪಾಠ ಹೇಳುವ ಮಗಳ ಜೊತೆ ಎರಡನೇ ಮಹಡಿಯ ಮನೆಯಲ್ಲಿದ್ದಳು. ಕಣ್ಣು ಹೋದರೂ ಕೈ ಸುಮ್ಮನಿರಲಿಲ್ಲ. ಬ್ಲೇಡು, ಅರ, ಅಂಟಿನ ಬಾಟಲಿಗಳ ಒಂದು ತಗಡಿನ ಡಬ್ಬಿ ಸದಾ ತೊಡೆಯ ಪಕ್ಕದಲ್ಲಿರುತ್ತಿತ್ತು. ಬರೀ ಸವರಿ ಸವರಿಯೇ ಬೆಂಕಿಪೆಟ್ಟಿಗೆಯಲ್ಲಿ ಕುರ್ಚಿ, ಗುಂಡಿಯಲ್ಲಿ ಗಾಲಿ ಮಾಡಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದಳು.

ಹಲ್ಲಣ್ಣ ಎರಡು ವರ್ಷದಿಂದ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಚಹಾ ಕುಡಿಯುತ್ತ ಸ್ಟುಡಿಯೋದ ಕಥೆ ಕೇಳುತ್ತಿದ್ದ. ಆದರೆ ಅವನ ಕಣ್ಣು ಇದ್ದದ್ದು ಗೋಡೆಯ ಕಪಾಟಿನಲ್ಲಿದ್ದ ಮಿಣುಕಿನ ಮೇಲೆ.

ಮಿಣುಕು ಒಂದು ನೌಕೆ. ದಾರಿ ತಪ್ಪಿ ಮನೆಗೆ ಮರಳಲಾಗದ ನೌಕೆಯೊಂದರ ಕಥೆಯ ಸಿನಿಮಾಕ್ಕಾಗಿ ಆಕೆ ಮಾಡಿದ್ದು. ಬಾಚಣಿಗೆಯ ಹಲ್ಲುಗಳು ಅದರ ಕಿಟಕಿ ಸಾಲು, ಚಹಾ ಸೋಸುವ ಜರಡಿ ಅದರ ಬೆನ್ನು, ಪೆನ್ನಿನ ಮುಚ್ಚಳಗಳು ಹೊಗೆ ಕೊಳವೆ. ಮೂತಿಯ ತುದಿಯಲ್ಲಿ ದೀಪದಂತೆ ಹೊಳೆಯುವ ಒಂದು ಪುಟ್ಟ ಬಿಳಿ ಚುಕ್ಕೆ. ಅಂಥ ವಸ್ತು ಕೂಟದ ಯಾರ ಬಳಿಯೂ ಇರಲಿಲ್ಲ. ಅದನ್ನು ನೋಡಿದಾಗಲೆಲ್ಲ ಹಲ್ಲಣ್ಣನ ಚಹಾ ಆರಿಹೋಗುತ್ತಿತ್ತು.

ಒಂದು ದಿನ ಅಂಟಮ್ಮನೇ ಅದನ್ನು ಇಳಿಸಿ ಅವನ ಕೈಗೆ ಕೊಟ್ಟಳು. "ಎಡಗಡೆ ರೆಕ್ಕೆ ಅಲ್ಲಾಡ್ತಿದೆ ಕಣಪ್ಪ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಕಣ್ಣು ಬರಲ್ಲ. ನೀನು ಮನೆಗೆ ತಗೊಂಡು ಹೋಗಿ ಕೂರಿಸಿಕೊಡು. ಅವಸರ ಏನಿಲ್ಲ."

ಅವನು ಅದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ರೆಕ್ಕೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಮುಗಿಯದೇ ಇದ್ದದ್ದು ಆಸೆ. ಮರುದಿನ ಕೊಡೋಣ ಎಂದುಕೊಂಡ, ಆ ಮರುದಿನ ಎಂದುಕೊಂಡ. ಮೂರನೆಯ ದಿನ ಅವನ ಕೈ ತಾನಾಗಿಯೇ ಗುಲಾಬಿ ಬಣ್ಣದ ಅಚ್ಚಿನ ಪುಡಿಗೆ ನೀರು ಕಲಸುತ್ತಿತ್ತು. ಸುಮ್ಮನೆ ಒಂದು ಅಚ್ಚು ತೆಗೆದಿಟ್ಟುಕೊಳ್ಳೋಣ, ನೆನಪಿಗೆ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಅಚ್ಚು ಬಂತು. ಅಚ್ಚಿನಿಂದ ನೌಕೆ ಬಂತು. ನೌಕೆಗೆ ಬಣ್ಣ ಬಂತು, ತೂಕಕ್ಕೆ ಹೊಟ್ಟೆಯೊಳಗೆ ಸೀಸ ಬಂತು, ವಾಸನೆಗೆ ಹಳೆಯ ಹೊಲಿಗೆ ಯಂತ್ರದ ಎಣ್ಣೆ ಬಂತು. ಸಿನಿಮಾದ ದೃಶ್ಯ ನಿಲ್ಲಿಸಿಕೊಂಡು ಪ್ರತಿ ಗೀರನ್ನೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿಸಿದ. ಇಪ್ಪತ್ತು ದಿನಕ್ಕೆ ಮೇಜಿನ ಮೇಲೆ ಎರಡು ಮಿಣುಕುಗಳು ಕೂತಿದ್ದವು.

ಮೂತಿಯ ಚುಕ್ಕೆ ಏನೆಂಬುದು ಭೂತಗನ್ನಡಿ ಹಿಡಿದ ಕ್ಷಣವೇ ಅವನಿಗೆ ತಿಳಿದಿತ್ತು. ಅದು ಹಾಲುಹಲ್ಲು. ಮೇಲ್ದವಡೆಯ ಮುಂದಿನದು, ಆರೇಳು ವರ್ಷದ ಮಗುವಿನದು. ಯಾರದು ಎಂದು ಅಂಟಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಅಸಲನ್ನು ವಾಪಸು ಕೊಡಬೇಕಾಗುತ್ತದೆ ಎಂಬಷ್ಟು ಬುದ್ಧಿ ಅವನಿಗಿತ್ತು. ಪಿಂಗಾಣಿಯಲ್ಲಿ ಅಂಥದೇ ಒಂದು ಹಲ್ಲು ಮಾಡಿ ನಕಲಿಗೆ ಕೂರಿಸಿದ. ಅದು ಅವನ ದಿನನಿತ್ಯದ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಬಲ್ಲ. ಹೆಚ್ಚುಕಡಿಮೆ ಕಣ್ಣು ಮುಚ್ಚಿಕೊಂಡೇ ಮಾಡಿದ ಎನ್ನಬೇಕು.

ನಕಲನ್ನು ಹತ್ತಿಯಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಟೇಪು ಅಂಟಿಸಿ ಅಂಟಮ್ಮನ ಕೈಗೆ ಕೊಟ್ಟ. "ಎರಡು ತಿಂಗಳು ತೆಗೀಬೇಡಿ ಅಮ್ಮಾ. ಅಂಟು ಪೂರ್ತಿ ಗಟ್ಟಿಯಾಗಬೇಕು."

ಅಂಟಮ್ಮ ನಕ್ಕಳು. "ನಾನು ಅಂಟಿನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೀನಿ. ಎರಡು ತಿಂಗಳು ಒಣಗೋ ಅಂಟು ಯಾವುದಪ್ಪ ಅದು?"

"ಹೊಸದು ಅಮ್ಮಾ. ಈಗ ಬಂದಿರೋದು."

"ಸರಿ ಬಿಡು. ಹೊಸದು ನಿನಗೇ ಗೊತ್ತು" ಎಂದು ಆಕೆ ಡಬ್ಬವನ್ನು ಹಾಗೆಯೇ ಕಪಾಟಿನಲ್ಲಿಡಿಸಿದಳು. ಇಷ್ಟು ಸುಲಭವಾಗಿ ನಂಬಿದಳಲ್ಲ ಎಂದು ಅವನಿಗೆ ಆಕೆಯ ಮೇಲೆಯೇ ಸಣ್ಣದಾಗಿ ಸಿಟ್ಟು ಬಂತು. ನಂಬುವವರ ಮೇಲೆ ಸಿಟ್ಟಾಗುವುದು ಮೋಸ ಮಾಡುವವರ ಹಳೆಯ ಚಾಳಿ.

ಅಸಲು ಮಿಣುಕು ಗಾಜಿನ ಕಪಾಟು ಸೇರಲಿಲ್ಲ. ಕೂಟದವರು ಕೇಳಿದರೆ ಏನು ಹೇಳುವುದು? ಅದು ಮಹಡಿಯ ಕೋಣೆಯ ಬೀರುವಿನಲ್ಲಿ, ಚಳಿಗಾಲದ ಕಂಬಳಿಗಳ ಹಿಂದೆ ಕೂತಿತು. ಹಲ್ಲಣ್ಣ ಬಾಗಿಲು ಹಾಕಿಕೊಂಡು ಒಂದೆರಡು ನಿಮಿಷ ನೋಡಿ ಮತ್ತೆ ಕಂಬಳಿ ಎಳೆಯುತ್ತಿದ್ದ. ಜೀವನದಲ್ಲಿ ಅತ್ಯಂತ ಬಯಸಿದ್ದು ಕೈಗೆ ಬಂದಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಎರಡು ತಿಂಗಳು ತುಂಬುವ ಹೊತ್ತಿಗೆ ಚಿತ್ರ ಸಂಗ್ರಹಾಲಯದವರು ಅಂಟಮ್ಮನನ್ನು ಹುಡುಕಿಕೊಂಡು ಬಂದರು. ಹಳೆಯ ಸಿನಿಮಾಗಳಿಗೆಂದೇ ಒಂದು ಹೊಸ ಕೋಣೆ ತೆರೆಯುತ್ತಿದ್ದಾರೆ, ಮಿಣುಕನ್ನು ಅಲ್ಲಿ ಗಾಜಿನೊಳಗಿಟ್ಟು ಅಂಟಮ್ಮನ ಹೆಸರು ಬರೆಸುತ್ತಾರೆ. ಆಕೆ ಒಂದೇ ಮಾತು ಹೇಳಿದಳಂತೆ: "ಹಲ್ಲಣ್ಣ ಬರಲಿ. ಅವನನ್ನ ಕೇಳದೆ ನಾನು ಕೊಡೋಕಾಗಲ್ಲ." ಮಗಳು ಫೋನಿನಲ್ಲಿ ಇದನ್ನು ತಿಳಿಸಿದಾಗ ಹಲ್ಲಣ್ಣನ ಎದೆ ಒಮ್ಮೆ ಧಸಕ್ಕೆಂದಿತು. ಆಮೇಲೆ ಉಬ್ಬಿತು. ಕಲೆ ಹೊಂದಿಸುವುದರಲ್ಲಿ ತಾನೇ ಮೊದಲಿಗ ಎಂದು ಆಕೆಗೂ ಗೊತ್ತಲ್ಲ ಎಂದುಕೊಂಡ. ಆಕೆ ಯಾಕೆ ಹಾಗಂದಳು ಎಂಬುದು ಅವನಿಗೆ ತಿಳಿದದ್ದು ಬಹಳ ತಡವಾಗಿ.

ಸಂಗ್ರಹಾಲಯದ ಅಧಿಕಾರಿಣಿ ಅಚ್ಚುಕಟ್ಟಿನ ಹೆಂಗಸು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದೃಶ್ಯದ ದೊಡ್ಡ ಚಿತ್ರಗಳನ್ನು ಹರವಿ, ಭೂತಗನ್ನಡಿ ಹಿಡಿದು ಒಂದೊಂದೇ ಗುರುತು ಹಾಕುತ್ತ ಹೋದಳು. ಹೊಟ್ಟೆಯ ಗೀರು ಸರಿ. ಬಾಲದ ಮಸಿ ಸರಿ. ಕಿಟಕಿ ಸಾಲಿನಲ್ಲಿ ಬಾಗಿದ ಬಾಚಣಿಗೆ ಹಲ್ಲು ಸರಿ. ಮೂತಿಯ ದೀಪ ಚಿತ್ರದಲ್ಲಿ ಬರೀ ಬೆಳ್ಳಗಿನ ಮಸುಕು, ಅದರಲ್ಲಿ ಹೊಂದಿಸಲು ಏನೂ ಇರಲಿಲ್ಲ. "ಎಲ್ಲಾ ಹೊಂದ್ತಿದೆ" ಎಂದು ಆಕೆ ಕನ್ನಡಕ ತೆಗೆದಳು. "ಅಮ್ಮಾ, ಒಂದು ಸಲ ಕೈಯಲ್ಲಿ ಹಿಡ್ಕೊಳ್ಳಿ. ಫೋಟೋ ತೆಗೀತೀನಿ."

ಅಂಟಮ್ಮ ಕೈ ಚಾಚಿದಳು. ನೌಕೆಯ ಬೆನ್ನು ಸವರಿದಳು, ರೆಕ್ಕೆ ಅಲುಗಿಸಿ ನೋಡಿ ಮೆಚ್ಚಿ ತಲೆಯಾಡಿಸಿದಳು. ಆಮೇಲೆ ಹೆಬ್ಬೆರಳು ಮೂತಿಗೆ ಹೋಯಿತು. ಅಲ್ಲೇ ನಿಂತಿತು.

"ಇದಲ್ಲ" ಎಂದಳು.

"ಏನಮ್ಮ?" ಎಂದಳು ಮಗಳು.

"ಇದು ನಂದಲ್ಲ. ನಂದರಲ್ಲಿ ಹಲ್ಲಿನ ಮೂಲೆ ಮುರಿದಿತ್ತು. ಇದು ಪೂರ್ತಿ ಇದೆ."

ಹಲ್ಲಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ಮುರಿದಿತ್ತು. ಅಸಲಿನ ಹಲ್ಲಿನ ಒಂದು ಮೂಲೆ ಸಾಸಿವೆಯಷ್ಟು ಮುರಿದಿತ್ತು, ಅವನು ನೋಡಿದ್ದ. ನೋಡಿಯೂ ಕೈ ಅದನ್ನು ತುಂಬಿಬಿಟ್ಟಿತ್ತು. ಇಪ್ಪತ್ತೆಂಟು ವರ್ಷದಿಂದ ಮುರಿದ ಹಲ್ಲು ಬಂದರೆ ಪೂರ್ತಿ ಹಲ್ಲು ಮಾಡಿ ಕಳಿಸುವುದೇ ಆ ಕೈಗೆ ಗೊತ್ತು. ನೂರಾರು ಗೀರುಗಳನ್ನು ಬಿಡದೆ ನಕಲು ಮಾಡಿದವನು ತನ್ನ ಸ್ವಂತ ಕಸುಬಿನಲ್ಲೇ ಎಡವಿದ್ದ.

ಅಧಿಕಾರಿಣಿ ಮುಜುಗರದಿಂದ ಇವನ ಕಡೆ ತಿರುಗಿದಳು. "ಸಾರ್, ರಿಪೇರಿ ಮಾಡಿದ್ದು ನೀವೇ ಅಲ್ವಾ? ನೀವೇ ಹೇಳಿಬಿಡಿ."

ಮೂವರು ಹೆಂಗಸರೂ ಕಾಯುತ್ತಿದ್ದರು. ರಿಪೇರಿಯಲ್ಲಿ ಮೂಲೆ ತುಂಬಿದೆ ಎನ್ನಬಹುದಿತ್ತು. ಆ ಚಿಕ್ಕ ಸುಳ್ಳು ಅವನಿಗೆ ಹೊಳೆದದ್ದು ಆಮೇಲೆ ಮೆಟ್ಟಿಲಿಳಿಯುವಾಗ. ಆ ಕ್ಷಣ ಬಾಯಿಗೆ ಬಂದದ್ದು ದೊಡ್ಡದು.

"ಇದೇ ಅಮ್ಮಾ. ಹಲ್ಲು ಮೊದಲಿಂದಲೂ ಹೀಗೇ ಇತ್ತು. ನಿಮಗೆ ಮರೆತುಹೋಗಿದೆ ಅನ್ಸುತ್ತೆ."

ಎಷ್ಟು ಮೆತ್ತಗೆ ಹೇಳಿದ ಎಂದರೆ, ಯಾರಿಗಾದರೂ ಪ್ರೀತಿಯಿಂದ ಹೇಳಿದ ಹಾಗೇ ಕೇಳಿಸಬೇಕು. ಅಂಟಮ್ಮ ಇನ್ನೊಮ್ಮೆ ಹೆಬ್ಬೆರಳಾಡಿಸಿದಳು. "ಹೌದಾ?" ಎಂದಳು. ನೌಕೆಯನ್ನು ಮೆಲ್ಲಗೆ ಬಿಳಿ ಬಟ್ಟೆಯ ಮೇಲಿಟ್ಟಳು. ಬರುವ ತಿಂಗಳು ಬಂದು ತೆಗೆದುಕೊಂಡು ಹೋಗುತ್ತೇವೆ ಎಂದು ಅಧಿಕಾರಿಣಿ ಕಾಗದಗಳನ್ನು ಮಡಚಿದಳು.

ಆ ಒಂದು ಮಾತು ಆ ಮನೆಯಲ್ಲಿ ಬೇರೂರಿತು. ಮಗಳು ಹಿಂದಿನದನ್ನೆಲ್ಲ ನೆನೆದು ಕೂಡಿಸತೊಡಗಿದಳು. ಒಂದು ಸಲ ಚಹಾದ ಪಾತ್ರೆ ಸೀದುಹೋಗಿತ್ತು, ಇನ್ನೊಂದು ಸಲ ಬೀಗದ ಕೈ ಸಿಕ್ಕಿರಲಿಲ್ಲ. ಯಾರ ಮನೆಯಲ್ಲೂ ನಡೆಯುವಂಥವು, ಈಗ ರೋಗದ ಲಕ್ಷಣವಾದವು. ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ದಳು. ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ ಎಂದು ಅವರು ಕೇಳಿದರು. ಬ್ಲೇಡು, ಅಂಟು ಇರುವ ತಗಡಿನ ಡಬ್ಬಿ ಬೀರುವಿನ ತಲೆಯ ಮೇಲೆ ಹೋಯಿತು.

ಹಲ್ಲಣ್ಣ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ವಾರ ಹೋಗದಿದ್ದರೆ ಸಂಶಯ ಬಂದೀತೆಂದು ಹೋದ. ಕಿಟಕಿಯ ಸಾಲಿನಲ್ಲಿ ಹೊಸ ಕುರ್ಚಿ, ಗಾಲಿ ಯಾವುದೂ ಇರಲಿಲ್ಲ. ಅಂಟಮ್ಮ ಬರಿಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಕೈಗಳನ್ನು ಖಾಲಿಯಾಗಿ ಅವನು ನೋಡಿದ್ದು ಅದೇ ಮೊದಲು.

"ಬಾರಪ್ಪ" ಎಂದಳು. "ನಿನ್ನ ಹತ್ರ ಕ್ಷಮೆ ಕೇಳಬೇಕು ಅಂತಿದ್ದೆ."

"ನನ್ನ ಹತ್ರ ಯಾಕಮ್ಮಾ?"

"ಅಷ್ಟು ಜನರ ಎದುರು ಇದು ನಂದಲ್ಲ ಅಂದುಬಿಟ್ಟೆ. ನಿನ್ನ ಮೇಲೆ ಸಂಶಯಪಟ್ಟ ಹಾಗಾಯ್ತು. ಮನಸ್ಸಿಗೆ ಹಚ್ಕೋಬೇಡ."

ಭೂಮಿ ಬಾಯಿಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಹಲ್ಲಣ್ಣ ನಿಜವಾಗಿಯೂ ನೆಲ ನೋಡಿದ. ಅಲ್ಲಿ ಕಾಲೊರಸುವ ಚಾಪೆಯಿತ್ತು.

"ಅದು ನನ್ನ ದೊಡ್ಡ ಮಗಳ ಹಲ್ಲು" ಎಂದಳು ಅಂಟಮ್ಮ, ಅವನು ಕೇಳದೆಯೇ. "ಶಾಲೆ ಬಿಟ್ಟ ಮೇಲೆ ಸ್ಟುಡಿಯೋದಲ್ಲಿ ನನ್ನ ಮೇಜಿನ ಕೆಳಗೇ ಆಡ್ಕೊಂಡಿರೋಳು. ಅಲ್ಲೇ ಮೆಟ್ಟಿಲ ಮೇಲೆ ಬಿದ್ದು ಹಲ್ಲಿನ ಮೂಲೆ ಮುರ್ಕೊಂಡಳು. ಹತ್ತು ದಿನಕ್ಕೆ ಹಲ್ಲೇ ಬಿತ್ತು. 'ಅಮ್ಮಾ, ಇದನ್ನ ಹಡಗಿಗೆ ದೀಪ ಮಾಡು' ಅಂದಳು. ಮಾಡಿದೆ. ಆ ಸಿನಿಮಾ ಬರೋ ಹೊತ್ತಿಗೆ ಅವಳಿರಲಿಲ್ಲ. ಜ್ವರ ಬಂತು, ನಾಲ್ಕೇ ದಿನ. ನಾನು ಹನ್ನೊಂದು ಸಲ ಥಿಯೇಟರಿಗೆ ಹೋಗಿದೀನಿ, ಆ ದೀಪ ಮಿಣುಕೋದು ನೋಡೋಕೆ."

ಕೆಳಗೆ ಬೀದಿಯಲ್ಲಿ ಯಾವುದೋ ಬಸ್ಸು ನಿಂತು ಹೊರಟಿತು.

"ಮುರಿದ ಮೂಲೆ ನನ್ನ ಬೆರಳಿಗೆ ಗೊತ್ತು ಅಂದ್ಕೊಂಡಿದ್ದೆ. ಅದೂ ಸುಳ್ಳಾಯ್ತು. ಅವಳ ಮುಖ ನನಗೆ ನೆನಪಿದೆ ಅಂದ್ಕೊಂಡಿದೀನಲ್ಲ, ಅದು ಅವಳದೇ ಮುಖ ಹೌದೋ ಅಲ್ವೋ ಅಂತ ಈಗ ಭಯ ಆಗುತ್ತೆ ಕಣಪ್ಪ. ಯಾರನ್ನ ಕೇಳಲಿ? ಚಿಕ್ಕವಳು ಆಗ ಹುಟ್ಟಿರಲಿಲ್ಲ."

ಹಲ್ಲಣ್ಣ ಏನೋ ಗೊಣಗಿ ಎದ್ದ. ಮನೆಗೆ ಬಂದು ಊಟ ಬೇಡ ಎಂದ. ಮಹಡಿಗೆ ಹೋಗಿ ಕಂಬಳಿ ಸರಿಸಿ, ಮಿಣುಕಿನ ಮೂತಿಯ ಮೇಲೆ ತನ್ನ ಹೆಬ್ಬೆರಳನ್ನಿಟ್ಟ. ಮುರಿದ ಮೂಲೆ ಚುಚ್ಚಿತು. ತಾನು ತಂದಿಟ್ಟುಕೊಂಡದ್ದು ಬರೀ ಒಂದು ನೌಕೆ ಎಂದುಕೊಂಡಿದ್ದ. ಆ ಮುದುಕಿಯ ಬಳಿ ಉಳಿದಿದ್ದ ಮಗುವಿನ ಮುಖವನ್ನೇ ಎತ್ತಿಕೊಂಡು ಬಂದಿದ್ದ. ಹೇಳಿದರೆ ಕೂಟದಲ್ಲಿ, ಸಂಗ್ರಹಾಲಯದಲ್ಲಿ, ಹೆಂಡತಿಯ ಎದುರಿನಲ್ಲಿ ಮುಖವೆತ್ತಿ ಓಡಾಡುವ ಹಾಗಿರಲಿಲ್ಲ. ಅದು ಗೊತ್ತಿತ್ತು. ನಾಚಿಕೆ ಎಷ್ಟಿತ್ತೆಂದರೆ ಭಯಕ್ಕೆ ಜಾಗ ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಶಾಲೆಗೆ ಹೊರಡುವ ಮುಂಚೆಯೇ ಬಾಗಿಲು ತಟ್ಟಿದ. ಇಬ್ಬರೂ ಇರುವಾಗಲೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಒಂದೂ ಬಾಯಿಗೆ ಬರಲಿಲ್ಲ. ಚೀಲದಿಂದ ಮಿಣುಕನ್ನು ತೆಗೆದು ಅಂಟಮ್ಮನ ಕೈಯಲ್ಲಿಟ್ಟ.

ಹೆಬ್ಬೆರಳು ನೇರವಾಗಿ ಮೂತಿಗೆ ಹೋಯಿತು. ಅಂಟಮ್ಮ ಬಹಳ ಹೊತ್ತು ಅದನ್ನು ಅಲ್ಲಿಂದ ತೆಗೆಯಲಿಲ್ಲ.

"ಹಾಗಾದ್ರೆ ನನಗೆ ಮರೆತಿಲ್ಲ" ಎಂದಳು.

"ಇಲ್ಲಮ್ಮಾ. ನಿಮಗೇನೂ ಮರೆತಿಲ್ಲ. ಆ ಇನ್ನೊಂದು ನಾನು ಮಾಡಿದ್ದು. ಅವತ್ತು ಸುಳ್ಳು ಹೇಳಿದೆ."

ಮಗಳು ಕೈಯಲ್ಲಿದ್ದ ಪುಸ್ತಕಗಳನ್ನು ಕೆಳಗಿಟ್ಟಳು. ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿತು. "ನಾನು ನಮ್ಮಮ್ಮನ್ನ ಡಾಕ್ಟರ ಹತ್ರ ಕೂರಿಸಿ ಹಿಂದಕ್ಕೆ ಎಣಿಸಮ್ಮ ಅಂದೆ" ಎಂದಳು. "ನಿಮ್ಮ ಮಾತು ಕೇಳ್ಕೊಂಡು. ಆಚೆ ನಡೀರಿ."

"ಇರು" ಎಂದಳು ಅಂಟಮ್ಮ. "ಮೊದಲು ನನ್ನ ಡಬ್ಬಿ ಇಳಿಸಿಕೊಡು. ಆಮೇಲೆ ಆ ಸಂಗ್ರಹಾಲಯದಮ್ಮಂಗೆ ಫೋನ್ ಮಾಡು. ಇವನೇ ಮಾತಾಡ್ಲಿ. ಅವತ್ತು ಎಷ್ಟು ಜನರೆದುರು ಹೇಳಿದ್ನೋ ಅಷ್ಟೂ ಜನಕ್ಕೆ ಕೇಳೋ ಹಾಗೆ."

ಹಲ್ಲಣ್ಣ ಹೇಳಿದ. ಫೋನಿನ ಆ ಕಡೆ ಅಧಿಕಾರಿಣಿ ಮೊದಲು ಅರ್ಥವಾಗದೆ "ಯಾವುದು ನಕಲು?" ಎಂದಳು, ಅವನು ಇನ್ನೊಮ್ಮೆ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಗಿತ್ತು. ಆಕೆ ಕೊನೆಗೆ "ಸರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಇನ್ನು ಯಾರೂ ಅವನನ್ನು ಅಸಲೋ ನಕಲೋ ಎಂದು ಕೇಳುವುದಿಲ್ಲ.

ಅಂಟಮ್ಮ ಎರಡು ಮಿಣುಕುಗಳನ್ನೂ ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಕಸುಬಿನವಳ ಕೈ, ಸಿಟ್ಟಿನಲ್ಲೂ ಕೆಲಸ ನೋಡದೆ ಬಿಡಲಿಲ್ಲ. "ಕೆಲಸ ಚೆನ್ನಾಗಿದೆ" ಎಂದಳು. "ನನಗಿಂತ ನೀಟಾಗಿದೆ. ಅವತ್ತು ನಿನ್ನನ್ನ ಕರೀರಿ ಅಂದಿದ್ದು ಯಾಕೆ ಗೊತ್ತಾ?"

ಹಲ್ಲಣ್ಣ ತಲೆಯೆತ್ತಿದ.

"ನಾನು ಹೋದ ಮೇಲೆ ಇದು ನಿನಗೇ ಅಂತ ಬರೆಸಿಟ್ಟಿದ್ದೆ. ರೆಕ್ಕೆ ರಿಪೇರಿಗೆ ಕೊಡೋ ಮುಂಚೇನೇ. ನಿನ್ನ ವಸ್ತು, ನಿನ್ನ ಕೇಳದೆ ಅವರಿಗೆ ಹೇಗೆ ಕೊಡಲಿ ಅಂತ." ಆಕೆ ಮುರಿದ ಹಲ್ಲನ್ನು ಹೆಬ್ಬೆರಳಿಂದ ಮುಚ್ಚಿದಳು. "ಹಲ್ಲು ನೋಡ್ಕೊಳ್ಳೋಕೆ ಬಲ್ಲವನು, ಜೋಪಾನವಾಗಿ ಇಟ್ಕೋತಾನೆ ಅಂದ್ಕೊಂಡೆ."

ಹಲ್ಲಣ್ಣ ಮಗಳ ಮುಖ ನೋಡಿದ. ಆಕೆ ಹೌದೆಂಬಂತೆ ತಲೆಯಾಡಿಸಿ ಬೇರೆ ಕಡೆ ತಿರುಗಿದಳು. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

"ನಿಂದನ್ನ ನೀನು ತಗೊಂಡು ಹೋಗು" ಎಂದು ಅಂಟಮ್ಮ ನಕಲನ್ನು ಅವನ ಕಡೆ ಚಾಚಿದಳು. ಆಮೇಲೆ ತಗಡಿನ ಡಬ್ಬಿ ತೆರೆದು, ಅಂಟಿನ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿ ನೋಡಿದಳು. ಇನ್ನು ಅವನ ಜೊತೆ ಆಕೆಗೆ ಮಾತಿರಲಿಲ್ಲ.

ಬೀದಿಗಿಳಿದ ಮೇಲೆ ನೋಡಿದರೆ ಹಲ್ಲಣ್ಣ ಚೀಲವನ್ನು ಅಲ್ಲೇ ಮರೆತಿದ್ದ. ವಾಪಸು ಹೋಗಿ ಕೇಳುವ ಮುಖವಿರಲಿಲ್ಲ. ಬಸ್ಸಿನಲ್ಲಿ ನೌಕೆಯನ್ನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿದ್ದ ತರಕಾರಿ ಚೀಲದ ಹೆಂಗಸು ಬಗ್ಗಿ ನೋಡಿದಳು.

"ಚೆನ್ನಾಗಿದೆಯಲ್ಲ. ಯಾರು ಮಾಡಿದ್ದು?"

"ನಾನೇ" ಎಂದ ಹಲ್ಲಣ್ಣ.

"ಮೂತಿ ಮೇಲಿರೋದು ಥೇಟ್ ಮಕ್ಕಳ ಹಲ್ಲಿನ ಥರಾನೇ ಇದೆ" ಎಂದು ಆಕೆ ಮೆಚ್ಚಿಕೊಂಡು ಬೆರಳು ಮುಂದೆ ತಂದಳು. ಹಲ್ಲಣ್ಣ ಅದನ್ನು ಕೈಯಿಂದ ಮುಚ್ಚಿಕೊಂಡು ಎದ್ದ. ಇಳಿಯಬೇಕಾದ ಜಾಗಕ್ಕೆ ಇನ್ನೂ ಎರಡು ನಿಲ್ದಾಣಗಳಿದ್ದವು, ಅವನು ಅಲ್ಲೇ ಇಳಿದು ನಡೆದುಕೊಂಡು ಹೋದ.